ದೊಡ್ಡಮ್ಮ ಅತ್ತ ಸಿನಿಮಾಗಳು

ಟೆಂಟ್ ಸಿನಿಮಾ ನೋಡಿ ಬಂದ ಮರುದಿನವೂ ದೊಡ್ಡಮ್ಮನ ಮೂಗಿನ ತುದಿ ಕೆಂಪಗೇ ಇರುತ್ತಿತ್ತು. ಅತ್ತೂ ಅತ್ತೂ ಸೆರಗಿನಲ್ಲಿ ಉಜ್ಜಿ ಮೂಗುಬೊಟ್ಟಿನ ಸುತ್ತ ಚರ್ಮ ಸುಲಿದಿರುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಅರವತ್ತರ ದಶಕ, ಆನಂದಪುರದಲ್ಲಿ ಟೆಂಟ್ ಹಾಕಿದರೆ ಒಂದು ಸಿನಿಮಾ ಬಿಟ್ಟವಳಲ್ಲ. ಪರದೆಯ ಮೇಲೆ ಗಂಡ ಹೊರಹಾಕಿದ ಯಾವಳೋ ಹೆಂಡತಿಗೆ ಒಳ್ಳೆಯದಾಗಲಿ ಎಂದು ಸಿಗಂದೂರಮ್ಮನಿಗೆ ಸೀರೆ ಹರಕೆ ಹೊತ್ತಳು ಮಹಾತಾಯಿ! ತೀರಿಸಲು ನನ್ನನ್ನೂ ಎಳೆದುಕೊಂಡು ಹೋದಳು. ದಾರಿಯುದ್ದಕ್ಕೂ ನಾನು ನಕ್ಕಿದ್ದೇ ನಕ್ಕಿದ್ದು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ ಶಿವಮೊಗ್ಗದಲ್ಲಿ ಟೀಚರ್ ಟ್ರೈನಿಂಗಿಗೆ ನನಗೆ ಸೀಟು ಸಿಕ್ಕಿತು. ಮಳೆ ಹಿಡಿಯುವ ಮುಂಚಿನ ಕೊನೆಯ ಸಿನಿಮಾದಲ್ಲಿ, ಹಾಸ್ಟೆಲ್ ಸೇರಿದ ಹುಡುಗಿಯೊಬ್ಬಳು ಮೋಸಹೋಗಿ ಬಾವಿಗೆ ಹಾರಿದ್ದಳು.

"ಹಾಸ್ಟೆಲ್ಲಿಗೆ ಹೋದೋಳ ಗತಿ ಕಣ್ಣಾರೆ ಕಂಡು ಬಂದೀನಿ. ನೀ ಹೋಗೂದು ಬ್ಯಾಡ."

"ಅಯ್ಯೋ, ಅದು ಕಥೆ ದೊಡ್ಡಮ್ಮ!"

"ಕಥೆ ಅಂದ್ರೆ? ನಾ ಅತ್ತಿದ್ದು ಸುಳ್ಳೇನೆ?"

ದೊಡ್ಡಪ್ಪ ಅವಳ ಮಾತು ಮೀರುವವರಲ್ಲ. ಮಳೆಗಾಲದಲ್ಲಿ ಟೆಂಟ್ ಇಲ್ಲ, ಬೇರೆ ಸಿನಿಮಾ ಇಲ್ಲ. ನಾಲ್ಕು ತಿಂಗಳು ಆ ಹುಡುಗಿ ದೊಡ್ಡಮ್ಮನ ತಲೆಯೊಳಗೆ ಬಾವಿಗೆ ಹಾರುತ್ತಲೇ ಇದ್ದಳು. ಸೇರಬೇಕಾದ ಕೊನೆಯ ದಿನ ನಾನು ಗದ್ದೆಯಲ್ಲಿ ಸಸಿ ನೆಡುತ್ತಿದ್ದೆ.

ದೀಪಾವಳಿ ಕಳೆದು ಟೆಂಟ್ ಮತ್ತೆ ಬಂತು. ಈ ಸಲದ ನಾಯಕಿ ಹಳ್ಳಿಯ ಟೀಚರ್. ಬೆಳಗಾಗುತ್ತಲೇ ದೊಡ್ಡಮ್ಮ, ಅದೇ ಕೆಂಪು ಮೂಗಿನಲ್ಲಿ, "ಏಳೇ, ಇವತ್ತೇ ಹೋಗಿ ಸೇರ್ಕ. ಟೀಚರ್ ಅಂದ್ರೆ ದೇವ್ರು ಕಣೆ!" ಎಂದಳು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆದರೂ ಶಿವಮೊಗ್ಗದ ಬಸ್ಸು ಹತ್ತಿಸಿ ತಾನೂ ಹತ್ತಿದಳು. ಟ್ರೈನಿಂಗ್ ಶಾಲೆಯ ಹೆಡ್‌ಮಾಸ್ತರರಿಗೆ ಇಡೀ ಸಿನಿಮಾ ಹೇಳಿ ಅತ್ತಳು. ಅವರು ಪೂರ್ತಿ ಕೇಳಿ, "ಸೇರೋದು ಜುಲೈನಲ್ಲೇ ಮುಗಿದುಹೋಯ್ತಲ್ಲಮ್ಮ" ಎಂದರು. ಮುಂದಿನ ಜುಲೈ ಹೊತ್ತಿಗೆ ನನ್ನನ್ನು ಹೊಸನಗರಕ್ಕೆ ಮದುವೆ ಮಾಡಿ ಕೊಟ್ಟಾಗಿತ್ತು.

ಸಾಯುವ ಮುಂಚೆ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡಳು. ತಪ್ಪಾಯ್ತು ಅನ್ನುತ್ತಾಳೇನೋ ಎಂದು ಕಾದೆ. "ಆ ಸಿನಿಮಾ ಹುಡ್ಗಿ ಬಾವಿಗೆ ಹಾರಬಾರ್ದಿತ್ತು ಕಣೆ" ಎಂದಳು. ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು.

ಮೊನ್ನೆ ಧಾರಾವಾಹಿ ನೋಡುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದೆ. ಮೊಮ್ಮಗಳು ಬಂದು, "ಅಜ್ಜಿ, ಓದಕ್ಕೆ ಹಾಸ್ಟೆಲ್ಲಿಗೆ ಹೋಗ್ಲಾ?" ಎಂದಳು. ಮೊದಲು ಎದ್ದು ಟೀವಿ ಆರಿಸಿದೆ. ಆಮೇಲೆ "ಹೋಗು" ಎಂದೆ.