ಹುಳ ಹಣ್ಣಾದ ದಿನ

ಸಂಘದ ಹೆಂಗಸರಿಗೆ ಟೈಮ್ ಹೆಂಗೆ ಉಳಿಸ್ಬೇಕು ಅಂತ ಹೇಳ್ಕೊಡಾಕೆ ನರಸೀಪುರಕ್ಕೆ ಯಾರೋ ಒಬ್ಬ ಸಾಹೇಬರು ಬಂದಿದ್ರು. ಅವತ್ತೇ ನಮ್ಮ ರೇಷ್ಮೆಹುಳ ಹಣ್ಣಾಗಾಕೆ ಶುರುವಾಗಿತ್ತು. ಹಣ್ಣಾಗಿ ಗೂಡು ಕಟ್ಟೋ ಹದಕ್ಕೆ ಬಂದ ಹುಳಾನ ತಕ್ಷಣ ಆಯ್ದು ಬಿದಿರಿನ ಚಂದ್ರಿಕೆಗೆ ಬಿಡದಿದ್ರೆ ಸೊಪ್ಪಲ್ಲೇ ಗೂಡು ಕಟ್ಟಿ ಹಾಳಾಯ್ತವೆ. ಸಂಘದೋರು ಬರಲೇಬೇಕು ಅಂದಿದ್ದಕ್ಕೆ ಸೊಸೆಯೊಬ್ಬಳನ್ನೇ ಬಿಟ್ಟು ಹೋಗಿದ್ದೆ.

ಮಾತು ಮುಗಿಯೋ ಹಂಗೆ ಕಾಣಲಿಲ್ಲ. ಮನೇಲಿ ಹುಳ ಹಣ್ಣಾಗವೆ ಅಂತ ಹೇಳಿ ಎದ್ದು ನಿಂತೆ.

"ಕೂತ್ಕೊಳ್ಳಿ ಅಜ್ಜಿ, ಮುಖ್ಯವಾದ್ದು ಈಗ ಬರುತ್ತೆ. ಹುಳದ ಕೆಲಸ ಸಂಜೆಗೆ ಇಟ್ಕೊಳ್ಳಿ" ಅಂದರು ಸಾಹೇಬರು.

ಸಿಟ್ಟು ನೆತ್ತಿಗೇರ್ತು ನಂಗೆ. "ಸಂಜೆಗಂಟ ತಡ್ಕಳ್ರವ್ವಾ ಅಂತ ನೀವೇ ಬಂದು ಅವಕ್ಕೆ ಹೇಳ್ಬುಡಿ ಸಾ!" ಅಂದು ಹೊರಟೇಬಿಟ್ಟೆ.

ಮನೆಗೆ ಬಂದರೆ ಒಂದು ತಟ್ಟೆ ಹುಳ ಆಗಲೇ ಸೊಪ್ಪಲ್ಲಿ ಗೂಡು ಕಟ್ಟಿ ಕೆಟ್ಟಿದ್ದವು. ಮಿಕ್ಕಿದ್ದನ್ನ ಅತ್ತೆ ಸೊಸೆ ಸೇರಿ ಉಳಿಸ್ಕೊಂಡೆವು. ಇವತ್ತಿಗೂ ಹೊಟ್ಟೆ ಉರೀತದೆ. ಆ ಸಾಹೇಬರು ಮಾತ್ರ ತಮ್ಮ ಊಟದ ಹೊತ್ತು ಒಂಚೂರೂ ಮೀರದಂಗೆ ಮಾತು ಮುಗಿಸಿದರಂತೆ.