ಕ್ಲಚ್ ವಾಯರ್ ಕಳಚಿದ ಮಧ್ಯಾಹ್ನ

ನನಗೆ ಕಾರು ಓಡಿಸಲು ಬರುತ್ತದೆ. ಹೆದರದೆ ಓಡಿಸಲು ಬರುವುದಿಲ್ಲ. ಹಾವೇರಿಯ ಮನೆಯಿಂದ ರಾಣೆಬೆನ್ನೂರಿನ ಕಾಲೇಜಿಗೆ ಎರಡು ವರ್ಷದಿಂದ ದಿನವೂ ಹೋಗಿಬರುತ್ತಿದ್ದೇನೆ. ಇಷ್ಟರಲ್ಲಿ ಭಯ ಕಡಿಮೆಯಾಗಬೇಕಿತ್ತು. ಅದು ವಿಂಗಡಣೆಗೊಂಡಿದೆ ಅಷ್ಟೆ: ಹಾರ್ನ್ ಹೊಡೆಯುತ್ತ ಹಿಂದೆ ಬರುವ ಲಾರಿಯ ಭಯ ಬೇರೆ, ಹಾರ್ನ್ ಹೊಡೆಯದೆ ಬರುವ ಲಾರಿಯದು ಬೇರೆ. ನಾನು ಕಲಿಸುವುದು ಸಂಖ್ಯಾಶಾಸ್ತ್ರ. ತರಗತಿಯಲ್ಲಿ ಸಂಭವನೀಯತೆಯ ಬಗ್ಗೆ ಧೈರ್ಯವಾಗಿಯೇ ಮಾತಾಡುತ್ತೇನೆ. ಸ್ಟೇರಿಂಗ್ ಹಿಡಿದ ಮೇಲೆ ಮಾತ್ರ, ಆಗಬಹುದಾದದ್ದೆಲ್ಲ ಇವತ್ತೇ ಆಗುತ್ತದೆ ಅನ್ನಿಸತೊಡಗುತ್ತದೆ.

ಹಾಗಿದ್ದೂ ಕಾರನ್ನು ಬಿಡಲಾರೆ. ನಮ್ಮ ಮನೆಯಲ್ಲಿ ಕೋಣೆಯ ಬಾಗಿಲು ಹಾಕಿಕೊಂಡರೆ ಐದು ನಿಮಿಷದಲ್ಲಿ ಯಾರಾದರೂ ಬಂದು ತಲೆನೋವೇ ಎಂದು ವಿಚಾರಿಸುತ್ತಾರೆ. ಕಾರಣ ಹೇಳದೆ ಬಾಗಿಲು ಹಾಕಿಕೊಂಡು ಕೂರಲು ನನಗಿರುವ ಜಾಗ ಅಪ್ಪನ ಈ ಹಳೆಯ ಕಾರೊಂದೇ. ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ. ಅದನ್ನು ನನಗೆ ಕೊಡುವಾಗ ಅಪ್ಪ ಹಾಕಿದ ಷರತ್ತು ಹೀಗಿತ್ತು: "ನಡುದಾರ್ಯಾಗ ಒಮ್ಮೆ ನಿಂತ್ರ ಮುಗೀತು, ಮಾರಿಬಿಡೋದು. ಆಮ್ಯಾಲೆ ಬಸ್ಸಿಗೆ ಹೋಗು."

ಕಾರಿನ ಭಾಗಗಳಲ್ಲಿ ನನ್ನ ಸ್ವಭಾವಕ್ಕೆ ಹತ್ತಿರವಾದದ್ದು ಕ್ಲಚ್. ಒಳಗೆ ಎಂಜಿನ್ನು ತಿರುಗುತ್ತಿರುವಾಗಲೇ, ಗಾಲಿಗೂ ಅದಕ್ಕೂ ಇರುವ ಸಂಬಂಧವನ್ನು ಕೊಂಚ ಹೊತ್ತು ಬಿಡಿಸಿಡುವುದು ಅದರ ಕೆಲಸ. ಮದುವೆಮನೆಗಳಲ್ಲಿ ನಾನು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ನಮ್ಮ ಕಾರಿನಲ್ಲಿ ಈ ವ್ಯವಹಾರವನ್ನೆಲ್ಲ ನಡೆಸುವುದು ಪೆಡಲಿನಿಂದ ಗೇರ್‌ಬಾಕ್ಸಿಗೆ ಹೋಗುವ ಒಂದು ಉಕ್ಕಿನ ವಾಯರು, ಸೈಕಲ್ಲಿನ ಬ್ರೇಕ್ ವಾಯರಿನ ದಪ್ಪನೆಯ ಅಣ್ಣ.

ಮೊನ್ನೆಯ ಶನಿವಾರ ಕಾಲೇಜು ಮುಗಿಸಿ, ಅವ್ವ ಹೇಳಿದ್ದಳೆಂದು ಬ್ಯಾಡಗಿಗೆ ಹೋಗಿ ವರ್ಷದ ಖಾರಪುಡಿಗೆ ಮೆಣಸಿನಕಾಯಿ ಕೊಂಡೆ. ಅವಳು ಕಲಿಸಿದಂತೆ ಕಾಯಿ ಮುರಿದು, ಬೆರಳಲ್ಲಿ ತಿಕ್ಕಿ, ಬಣ್ಣ ನೋಡಿಯೇ ಕೊಂಡೆ. ಚೀಲವನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟವಳು ಮೋಟೆಬೆನ್ನೂರಿಗೆ ಮೊದಲೇ ಒಂದು ರಸ್ತೆಯುಬ್ಬಿನ ಹತ್ತಿರ ಕ್ಲಚ್ ಒತ್ತಿದೆ. ಟಪ್ಪೆಂದಿತು. ಪೆಡಲು ನೆಲಕ್ಕೆ ಮಲಗಿತು, ಏಳಲಿಲ್ಲ. ಕಾರು ಎರಡು ಸಲ ಜಿಗಿದು ರಸ್ತೆಯಂಚಿನಲ್ಲಿ ನಿಂತಿತು.

ಮೊದಲು ಮಾಡಿದ ಕೆಲಸವೆಂದರೆ ಗಾಜು ಏರಿಸಿ ಬಾಗಿಲು ಲಾಕ್ ಮಾಡಿದ್ದು. ಫೋನಿನಲ್ಲಿ ಅಪ್ಪನ ಹೆಸರು ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಒಂದು ಕರೆ ಮಾಡಿದರೆ ಅರ್ಧ ಗಂಟೆಯಲ್ಲಿ ಅಪ್ಪ ಬರುತ್ತಾರೆ, ವಾರದಲ್ಲಿ ಕಾರು ಹೋಗುತ್ತದೆ. ಬೆವರು ಕಣ್ಣಿಗಿಳಿಯಿತು, ಒರೆಸಿಕೊಂಡೆ, ಮೆಣಸಿನಕಾಯಿ ತಿಕ್ಕಿದ ಅದೇ ಕೈಯಿಂದ. ಬ್ಯಾಡಗಿ ಕಾಯಿಗೆ ಬಣ್ಣವಿದೆ, ಖಾರವಿಲ್ಲ ಎನ್ನುವವರು ಒಮ್ಮೆ ಹೀಗೆ ಮಾಡಿ ನೋಡಬೇಕು.

ಯಾರೋ ಗಾಜು ತಟ್ಟಿದರು. ಬೆಚ್ಚಿಬಿದ್ದೆ. ಪಕ್ಕದ ತಗಡಿನ ಶೆಡ್ಡಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ನಾಲ್ಕೈದು ಹೆಂಗಸರು ಎದ್ದು ಬಂದಿದ್ದರು. ಮುಂದಿದ್ದಾಕೆ ಫಕ್ಕೀರವ್ವ, ಹೆಸರು ಆಮೇಲೆ ತಿಳಿಯಿತು. ಎರಡು ಬೆರಳಿನಷ್ಟು ಗಾಜು ಇಳಿಸಿದೆ.

"ಯಾಕವಾ ತಂಗಿ, ಯಾರ ಏನಂದ್ರು? ಯಾಕ ಅಳಾಕತ್ತೀ?"

"ಅಳಾಕತ್ತಿಲ್ರೀ. ಮೆಣಸಿನಕಾಯಿ ಕೈ ಕಣ್ಣಿಗೆ ಹತ್ತೇತಿ."

"ಹೂಂ, ಗಂಡನ ಮನಿಗೆ ಹೊಸದಾಗಿ ಹೋದಾಗ ನಾನೂ ಹಿಂಗ ಹೇಳ್ತಿದ್ದೆ," ಅಂದಳು. ಉಳಿದವರೆಲ್ಲ ನಕ್ಕರು.

ಗಾಡಿ ಕೆಟ್ಟಿದೆ ಎಂದೆ. "ಕೆಟ್ರ ಕೆಳಗ ಇಳಿ. ಒಳಗ ಕುಂತು ಕಣ್ಣೀರು ಹಾಕಿದ್ರ ರಿಪೇರಿ ಆಕ್ಕೇತೇನು?"

ಇಳಿದೆ. ಫಕ್ಕೀರವ್ವ, ಖಾರ ಹತ್ತದಂತೆ ಕೆಲಸದ ಹೊತ್ತಿನಲ್ಲಿ ತಾವು ಕೈಗೆ ಹಚ್ಚಿಕೊಳ್ಳುವ ಕೊಬ್ಬರಿ ಎಣ್ಣೆ ಕೊಟ್ಟು ನನ್ನ ಕೈ ತಿಕ್ಕಿಸಿ ತೊಳೆಸಿದಳು, ಕಣ್ಣಿಗೆ ನೀರು ಹೊಡೆಸಿದಳು. ಲೋಕ ಮತ್ತೆ ಕಾಣಿಸಿತು. ಕಾರಿನ ಕೈಪಿಡಿಯನ್ನು ನಾನು ಎರಡು ಸಲ ಓದಿದ್ದೆ. ಓದಿದ್ದನ್ನು ಮಾಡಿ ನೋಡುವ ಪ್ರಸಂಗ ಬಾರದಿರಲಿ ಎಂದೇ ಓದಿದ್ದು. ಈಗ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ನೋಡಿದರೆ, ಪೆಡಲಿನ ಕೊಕ್ಕೆಯಿಂದ ಜಾರಿದ ವಾಯರಿನ ತುದಿ ತೂಗಾಡುತ್ತಿತ್ತು. ಸಿಕ್ಕಿಸಿದೆ, ಜಾರಿತು. ವಾಯರು ಹಿಗ್ಗಿ ಸಡಿಲಾಗಿತ್ತು; ಬಾನೆಟ್ಟಿನ ಕಡೆ ಅದನ್ನು ಬಿಗಿಯುವ, ಎರಡು ರೆಕ್ಕೆಯ ನಟ್ಟನ್ನು ತಿರುವಬೇಕಿತ್ತು. ನಾನು ತಿರುವಿದರೆ ಕೆಸರು ಮೆತ್ತಿದ ಅದು ಅಲುಗಲಿಲ್ಲ. ಅಲ್ಲಿ ಬಿಗಿಯುವಾಗ ಇಲ್ಲಿ ಒಬ್ಬರು ಹಿಡಿದಿರಬೇಕು. ಅಪರಿಚಿತರನ್ನು ಸಹಾಯ ಕೇಳುವುದು ನನ್ನ ಭಯಗಳ ಪಟ್ಟಿಯಲ್ಲಿ ಲಾರಿಗಿಂತ ಮೇಲಿದೆ. ಕೇಳಿದೆ.

"ಇಷ್ಟ ಹೌದಿಲ್ಲೋ? ತೋರ್ಸು," ಎಂದು ಫಕ್ಕೀರವ್ವ ಸೆರಗು ಸಿಕ್ಕಿಸಿದಳು.

ಫಕ್ಕೀರವ್ವ ಬಾನೆಟ್ಟಿನ ಹತ್ತಿರ, ನಾನು ತಲೆಕೆಳಗಾಗಿ ಒಳಗೆ, ಕಾಲು ರಸ್ತೆಯ ಕಡೆಗೆ. ಹಾದುಹೋದ ಪ್ರತಿ ಲಾರಿಗೂ ಕಾರು ನಡುಗಿತು, ನಾನೂ.

"ಏ ನೀಲಿ, ನಿನ್ನ ಸೀರಿ ಕೆಂಪೈತಿ, ಆಕಿ ಕಾಲಿನ ಹತ್ರ ನಿಂದ್ರು, ಲಾರಿಯವ್ರಿಗೆ ಕಾಣ್ಲಿ!" ಎಂದು ಫಕ್ಕೀರವ್ವ ಜೊತೆಯವಳನ್ನು ಕೂಗಿದಳು. "ಸಿಕ್ತೇನವಾ ಒಳಗ?"

"ಹಿಡದೇನ್ರಿ ಅಕ್ಕಾರ! ಲಗೂ ಬಿಗೀರಿ!"

ದಿನವಿಡೀ ತೊಟ್ಟು ಮುರಿಯುವ ಬೆರಳುಗಳು ಆ ನಟ್ಟನ್ನು ತಿರುವಿದವು. ನನ್ನ ಬೆರಳ ಕೆಳಗೆ ವಾಯರು ಬಿಗಿಯಾಗುತ್ತ ಬಂತು. ಕೈಯಿಂದ ಒತ್ತಿದರೆ ಪೆಡಲು ಕೆಳಗಿಳಿದು ತಾನೇ ಮೇಲೆದ್ದಿತು. ನಟ್ಟು ಸಡಿಲಾಗದಂತೆ ಫಕ್ಕೀರವ್ವ ಚೀಲ ಹೊಲಿಯುವ ಸುತಳಿಯಿಂದ ಅದರ ರೆಕ್ಕೆಗಳನ್ನು ಬಿಗಿದಳು. ಹಾವೇರಿ ಕಡೆಗೆ ಹೋಗುವ ಬಸ್ಸೊಂದು ಹಾದುಹೋದದ್ದು, ಅದರ ಕಿಟಕಿಗಳಲ್ಲಿ ತಲೆಗಳು ಕೆಂಪುಗಣ್ಣಿನ ನನ್ನತ್ತ ತಿರುಗಿದ್ದು ಆಗಲೇ.

ಮನೆಗೆ ಬಂದಾಗ ಅಪ್ಪ ಹೊರಗೇ ನಿಂತಿದ್ದರು. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು.

"ಮೋಟೆಬೆನ್ನೂರ ದಾರ್ಯಾಗ ಅಳ್ಕೊಂತ ನಿಂತಿದ್ದೆಂತ?"

ಅಳಲಿಲ್ಲ ಎಂದಷ್ಟೇ ಹೇಳಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. "ಅಳಲಿಲ್ಲ. ಗಾಡಿ ನಿಂತಿದ್ದು ಖರೇ," ಎಂದೆ.

ಅಪ್ಪ ಬಾನೆಟ್ ತೆಗೆದು ಸುತಳಿಯನ್ನು ಎಳೆದು ನೋಡಿದರು. ಅದು ಜಗ್ಗಲಿಲ್ಲ.

"ನನಗ್ಯಾಕ ಫೋನ್ ಮಾಡ್ಲಿಲ್ಲ?"

"ಮಾರ್ತೀರಿ ಅಂತ ಅಂಜಿದ್ದೆ."

ಅವರು ಬಾನೆಟ್ ಮುಚ್ಚಿದರು. "ನಾನೂ ಅಂಜೇ ಹಂಗ ಅಂದಿದ್ನೆವಾ. ದಿನಾ ನೀ ಬರೋತನಕ ಒಳಗ ಕುಂದ್ರಾಕ ಆಗೂದಿಲ್ಲ ನನಗ."

ಎರಡು ವರ್ಷ ನನ್ನ ಭಯಗಳನ್ನು ಅಷ್ಟು ಕರಾರುವಾಕ್ಕಾಗಿ ವಿಂಗಡಿಸಿದವಳು, ಅಪ್ಪನ ಒಂದು ಭಯವನ್ನು ಷರತ್ತು ಎಂದು ತಪ್ಪಾಗಿ ಬರೆದುಕೊಂಡಿದ್ದೆ. ಸೋಮವಾರ ಬೆಳಿಗ್ಗೆ ಕಾರು ಹತ್ತಿದೆ. ಅಂಗೈ ಎಂದಿನಂತೆ ಬೆವೆತಿತ್ತು. ಕನ್ನಡಿಯಲ್ಲಿ ಕಂಡ ಅಪ್ಪನ ಮುಖದಲ್ಲೂ ಧೈರ್ಯವೇನೂ ಇರಲಿಲ್ಲ. ಅವರೇ ಬಂದು ಗೇಟು ತೆಗೆದರು.