ಗುನ್ವೋರಳ ಮೀನಿನ ಬಕೆಟ್ಟು

ನಮ್ಮ ಕಣಿವೆಯಲ್ಲಿ ನವೆಂಬರ್ ಬಂತೆಂದರೆ ಊರಿನ ಸಭಾಮನೆಯಲ್ಲಿ ರಾಕ್‌ಫಿಸ್ಕ್ ಊಟ. ಆಗಸ್ಟಿನಲ್ಲಿ ಟ್ರೌಟ್ ಮೀನಿನ ಹೊಟ್ಟೆ ಸೀಳಿ, ಉಪ್ಪು ತುಂಬಿ, ಬಕೆಟ್ಟಿನಲ್ಲಿ ಒತ್ತಿಟ್ಟು ಮೂರು ತಿಂಗಳು ಹುದುಗಿಸುತ್ತೇವೆ. ಆಮೇಲೆ ಬೇಯಿಸದೆ ಹಾಗೇ ತಿನ್ನುತ್ತೇವೆ. ಇಪ್ಪತ್ತೆರಡು ವರ್ಷ ಊರು ಹೊಗಳಿದ್ದು ನನ್ನ ನಾದಿನಿ ಗುನ್ವೋರಳ ಬಕೆಟ್ಟನ್ನು. ನನ್ನದನ್ನೂ ತಿನ್ನುತ್ತಿದ್ದರು, ಅವಳದು ಖಾಲಿಯಾದ ಮೇಲೆ. ನನ್ನ ಗಂಡ ಐವಿಂದ್ ಕೂಡ ಸಾಯುವವರೆಗೂ ತಂಗಿಯ ಮೀನನ್ನೇ ಕೇಳಿ ಹಾಕಿಸಿಕೊಂಡ.

ಗುನ್ವೋರ್ ಮೂವತ್ತು ವರ್ಷ ಡೈರಿಯಲ್ಲಿ ದುಡಿದವಳು. ಮೀನು ಮುಟ್ಟುವ ಮುನ್ನ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಿದ್ದಳು. ಬೆನ್ನುಮೂಳೆಯ ಉದ್ದಕ್ಕೂ ಅಂಟಿರುವ ರಕ್ತವನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯುತ್ತಿದ್ದಳು. ಬಕೆಟ್ಟಿಟ್ಟ ನೆಲಮಾಳಿಗೆಯ ಥರ್ಮಾಮೀಟರನ್ನು ದಿನಕ್ಕೆರಡು ಸಲ ನೋಡುತ್ತಿದ್ದಳು. ಒಂದು ಆಗಸ್ಟಿನಲ್ಲಿ ಕೆರೆಯ ದಡದಲ್ಲಿ ನಾವಿಬ್ಬರೂ ಮೀನು ಸೀಳುತ್ತಿದ್ದೆವು. ಸೀಳಿದ ಮೀನಿಡಲು ಒಯ್ದಿದ್ದ ನನ್ನ ಮೇಜು ತುಂಬಿತು. ಹನ್ನೊಂದು ಮೀನನ್ನು ಹುಲ್ಲಿನ ಮೇಲೆ ಇಟ್ಟೆ.

"ಅತ್ತಿಗೆ, ನೆಲಕ್ಕೆ ಹಾಕ್ಬೇಡಿ. ಮಣ್ಣು ತಾಗಿದ್ದನ್ನ ಹುದುಗಿಸಬಾರದು. ಇವತ್ತೇ ಹುರಿದು ತಿಂದ್ಬಿಡಿ."

"ತೊಳೀತೀನಲ್ಲೇ."

"ತೊಳೆದ್ರೆ ಹೋಗಲ್ಲ. ಬಕೆಟ್ಟಲ್ಲಿ ಗಾಳಿ ಆಡಲ್ಲ, ಮಣ್ಣಿನ ವಿಷ ಅಲ್ಲೇ ಬೆಳೆಯುತ್ತೆ. ವಾಸನೆ ಬರಲ್ಲ, ರುಚೀನೂ ಕೆಡಲ್ಲ."

ನನ್ನ ಮೀನು ಆ ವರ್ಷ ಅವಳದಕ್ಕಿಂತ ದಪ್ಪವಿತ್ತು. ಇವಳಿಗೆ ಭಯ ಹತ್ತಿದೆ ಎಂದುಕೊಂಡೆ. ಹನ್ನೊಂದನ್ನೂ ತೊಳೆದು ಉಳಿದವುಗಳ ಜೊತೆ ಒತ್ತಿಟ್ಟೆ.

ನವೆಂಬರಿನಲ್ಲಿ ಮುಚ್ಚಳ ತೆಗೆದರೆ ಮಾಂಸ ಗುಲಾಬಿಯಾಗಿ, ಗಟ್ಟಿಯಾಗಿ ಇತ್ತು. ಊಟದ ಉಸ್ತುವಾರಿ ಹಾಲ್ವರ್ ಬಂದು ಮೂಸಿ ನೋಡಿದ. "ಆಸ್ಲೌಗ್, ಈ ಸಲ ಮೊದಲು ನಿನ್ನದನ್ನೇ ಬಡಿಸ್ತೀನಿ" ಎಂದ. ಆ ವಾರವೆಲ್ಲ ಹಿಗ್ಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಊಟದ ದಿನ ಬೆಳಿಗ್ಗೆ ಗುನ್ವೋರ್ ಬಂದಳು. ಬೂಟು ಬಿಚ್ಚದೆ ಅಡುಗೆಮನೆಗೆ ನುಗ್ಗಿದಳು.

"ಹುಲ್ಲಿನ ಮೇಲಿಟ್ಟ ಆ ಮೀನು ಈ ಬಕೆಟ್ಟಲ್ಲೇ ಇದೆಯಾ?"

"ಹೊಟ್ಟೆಕಿಚ್ಚು ಬಂತೇನೇ?"

"ಬರಲಿ ಬಿಡಿ." ಬಕೆಟ್ಟಿನಿಂದ ಒಂದು ತುಂಡು ತೆಗೆದು ತಟ್ಟೆಗಿಟ್ಟಳು. ಫೋರ್ಕನ್ನು ನನ್ನ ಕೈಗೆ ಕೊಟ್ಟಳು. "ಯಾವ ಮೀನಿಗೆ ಮಣ್ಣು ತಾಗಿದೆ ಅಂತ ನಿಮಗೂ ಗೊತ್ತಿಲ್ಲ. ಅಷ್ಟು ಧೈರ್ಯ ಇದ್ರೆ ತಿನ್ನಿ ನೋಡೋಣ."

ನಾನು ಫೋರ್ಕು ಹಿಡಿದು ನಿಂತೆ. ಎತ್ತಲು ಆಗಲಿಲ್ಲ. ಅರವತ್ತು ಜನಕ್ಕೆ ಬಡಿಸಲು ಹೊರಟಿದ್ದವಳಿಗೆ ಒಂದು ತುಂಡು ಬಾಯಿಗಿಡಲು ಆಗಲಿಲ್ಲ. ಗುನ್ವೋರ್ ತಟ್ಟೆ ಕಿತ್ತುಕೊಂಡಳು. ಇಬ್ಬರೂ ಸೇರಿ ಅಷ್ಟನ್ನೂ ಚೀಲಕ್ಕೆ ಸುರಿದು, ಬಾಯಿ ಬಿಗಿದು ಕಸಕ್ಕೆ ಹಾಕಿದೆವು. ಬಕೆಟ್ಟನ್ನು ಕುದಿಯುವ ನೀರಿನಲ್ಲಿ ಅವಳೇ ಉಜ್ಜಿದಳು.

ಸಭಾಮನೆಯಲ್ಲಿ ಹಾಲ್ವರ್ ಎಲ್ಲರ ಮುಂದೆ ಕೂಗಿದ: "ಎಲ್ಲಿ ಆಸ್ಲೌಗ್, ನಿನ್ನ ಬಕೆಟ್ಟು? ಕೊನೇ ಗಳಿಗೆಲಿ ಕಾಲ್ತೆಗೆದ್ಯಾ?"

ನಾನು ಬಾಯಿ ತೆರೆಯುವುದರೊಳಗೆ ಗುನ್ವೋರ್ ಹೇಳಿದಳು: "ನನ್ನ ಹಾಳು ಬೆಕ್ಕು ಹೋಗಿ ಬಾಯಿ ಹಾಕಿಬಿಡ್ತು ಕಣೋ. ಅತ್ತಿಗೆ ಹತ್ರ ಇನ್ನೂ ಬೈಸ್ಕೊಳ್ತಿದೀನಿ."

ಎಲ್ಲರೂ ನಕ್ಕರು. ಆಮೇಲೆ ಅವಳ ಮೀನು ತಿಂದು ಹೊಗಳಿದರು.

ಮಣ್ಣಿನ ಮಾತು ಸತ್ಯ, ಅದನ್ನು ಒಪ್ಪುತ್ತೇನೆ. ಆವತ್ತಿನಿಂದ ನಾನೂ ದಡಕ್ಕೆ ಎರಡು ಮೇಜು ಒಯ್ಯುತ್ತೇನೆ. ಬೆಕ್ಕಿನ ಸುಳ್ಳನ್ನು ಮಾತ್ರ ಅವಳು ಈವರೆಗೆ ಯಾರ ಮುಂದೆಯೂ ಬಿಟ್ಟುಕೊಟ್ಟಿಲ್ಲ, ನನ್ನ ಮುಂದೆ ಎತ್ತಿಯೂ ಆಡಿಲ್ಲ. ಅವಳ ಮೀನಿಗಿಂತ ಆ ಸುಳ್ಳಿಗೇ ನನಗೆ ಹೆಚ್ಚು ಹೊಟ್ಟೆಯುರಿ.